ಕಬ್ಬೂರಿನಲ್ಲಿ ಚಪ್ಪಾಳೆ ಬೀಳದೆ ಉಳಿದ ಸಾಖರಪುಡಾ

ಸುತ್ತೋಲೆ
(ತುರ್ತು)

ಕ್ರಮಾಂಕ: ತ.ಇ.ಹಾ/ಚಿಕ್ಕೋಡಿ/ಸಾ.ಪು/ಚಪ್ಪಾಳೆ/2025-26

ವಿಷಯ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳಲ್ಲಿ ತಯಾರಿ ಇಲ್ಲದೆ ಆಡುವ ಹಾಸ್ಯವು ಮಿತಿಮೀರಿ ಹಬ್ಬುತ್ತಿರುವ ಬಗ್ಗೆ, ಮತ್ತು ಸದರಿ ಹಾಸ್ಯದ ನಡುವೆ ಈ ಕೆಳಗೆ ಸಹಿ ಮಾಡಿರುವ ಅಧಿಕಾರಿಗೆ ಮದುವೆ ನಿಶ್ಚಯವಾಗಿದೆಯೋ ಇಲ್ಲವೋ ಎಂಬ ಬಗ್ಗೆ.

ಉಲ್ಲೇಖ:
1. ಸಾರ್ವಜನಿಕರಿಂದ ಬಂದ ದೂರುಗಳು (ದೂರು ಕೊಡಲು ಬಂದವರು ನಗುತ್ತಲೇ ಹೋದದ್ದರಿಂದ ಬರವಣಿಗೆಯಲ್ಲಿ ಲಭ್ಯವಿಲ್ಲ).
2. ಕಳೆದ ತಿಂಗಳು ಕಬ್ಬೂರ ಗ್ರಾಮದ ಸಮುದಾಯ ಭವನದಲ್ಲಿ ನಡೆದ ಪ್ರದರ್ಶನ.
3. ಸಹಿ ಮಾಡಿರುವ ಅಧಿಕಾರಿಯ ಅಕ್ಕನವರು ನಿಪ್ಪಾಣಿಯಿಂದ ಪದೇ ಪದೇ ಮಾಡುತ್ತಿರುವ ದೂರವಾಣಿ ಕರೆಗಳು.

ಪ್ರಸ್ತಾವನೆ:

ಮೇಲ್ಕಂಡ ಐದು ತಾಲ್ಲೂಕುಗಳಲ್ಲಿ ಇತ್ತೀಚೆಗೆ ಇಂಪ್ರೊವ್ ಎಂಬ ಹೆಸರಿನ ಹಾಸ್ಯವು ಕಬ್ಬಿನ ಗದ್ದೆಗೆ ನೀರು ಹೊಕ್ಕಂತೆ ಎಲ್ಲೆಡೆ ಹೊಕ್ಕಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಇದರಲ್ಲಿ ಬರೆದ ಮಾತಿರುವುದಿಲ್ಲ, ತಾಲೀಮಿರುವುದಿಲ್ಲ. ಪ್ರೇಕ್ಷಕರು ಒಂದು ವಿಷಯವನ್ನು ಕೂಗುತ್ತಾರೆ. ರಂಗದ ಮೇಲಿರುವವರು ತಕ್ಷಣ ಅದನ್ನೇ ಆಡಿ ತೋರಿಸುತ್ತಾರೆ. ನಿಪ್ಪಾಣಿಯಲ್ಲಿ 'ಬಂದದ್ದ ಬರ್ಲಿ ಬಳಗ', ರಾಯಬಾಗದಲ್ಲಿ 'ಹೌದ್ರಿ ಮತ್ತ ಮಂಡಳಿ', ಅಥಣಿಯ ಒಣದ್ರಾಕ್ಷಿ ಶೆಡ್ಡುಗಳಲ್ಲಿ 'ಅದಾದ ಮ್ಯಾಲೆ?' ಎಂಬ ತಂಡಗಳು ಯಾರ ಅಪ್ಪಣೆಯನ್ನೂ ಕೇಳದೆ ಹುಟ್ಟಿಕೊಂಡಿವೆ. ಚಿಕ್ಕೋಡಿಯ ತಂಡದ ಮುಖ್ಯಸ್ಥ ಶ್ರೀ ಕುನಾಲ ಇದೇ ಕಚೇರಿಯ ಗುಮಾಸ್ತರು ಎಂಬುದನ್ನು ದಾಖಲಿಸಲು ನಾಚಿಕೆಯಾಗುತ್ತದೆ.

ಸದರಿ ಹಾಸ್ಯಕ್ಕೆ ಎರಡು ನಿಯಮಗಳಿವೆ. ಮೊದಲನೆಯದನ್ನು ಶ್ರೀ ಕುನಾಲ ತಮ್ಮ ವಿವರಣೆಯಲ್ಲಿ ಹೀಗೆ ತಿಳಿಸಿರುತ್ತಾರೆ: "ಎದುರಿನವ್ರು ಏನ ಅಂದ್ರೂ ಇಲ್ಲ ಅನಬಾರದ್ರಿ ಸಾಹೇಬ್ರ. ಹೌದ್ರಿ ಅನಬೇಕ, ಅದರ ಮ್ಯಾಲ ನಮ್ದೂ ಒಂದ ಮಾತ ಹಾಕಬೇಕ." ಎರಡನೆಯದು: ಬದಿಯಲ್ಲಿ ನಿಂತ ನಿಯೋಜಿತ ವ್ಯಕ್ತಿ ಚಪ್ಪಾಳೆ ಹೊಡೆದಾಗ ಮಾತ್ರ ದೃಶ್ಯ ಮುಗಿಯುತ್ತದೆ. ಹೊಡೆಯದಿದ್ದರೆ ಮುಗಿಯುವುದಿಲ್ಲ. ಈ ಎರಡನೆಯ ನಿಯಮದಿಂದಲೇ ಸಹಿ ಮಾಡಿರುವ ಅಧಿಕಾರಿಯು ಇಂದಿನ ಸ್ಥಿತಿಗೆ ಬಂದಿರುವುದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ತಯಾರಿ ಇಲ್ಲದೆ ಪ್ರದರ್ಶನ ನೀಡುವ ತಂಡಗಳು, ತಮಗೆ ರಂಗದ ಮೇಲೆ ಹೊಳೆಯಲಿರುವ ಮಾತುಗಳ ಪ್ರತಿಯನ್ನು ಹದಿನೈದು ದಿನ ಮುಂಚಿತವಾಗಿ ಈ ಕಚೇರಿಗೆ ಸಲ್ಲಿಸತಕ್ಕದ್ದು. ಇನ್ನೂ ಹೊಳೆದಿಲ್ಲವಾದಲ್ಲಿ, ಹೊಳೆದಿಲ್ಲವೆಂದು ಇಬ್ಬರು ಸಾಕ್ಷಿದಾರರ ಸಹಿಯೊಂದಿಗೆ ದೃಢೀಕರಿಸತಕ್ಕದ್ದು. ಸಾಕ್ಷಿದಾರರಿಗೂ ಏನೂ ಹೊಳೆದಿರಬಾರದು.

2. ಚಿಕ್ಕೋಡಿಯಲ್ಲಿ ಕನ್ನಡದಲ್ಲಿ ಆರಂಭವಾದ ಹಾಸ್ಯವು ನಿಪ್ಪಾಣಿ ಮುಟ್ಟುವಷ್ಟರಲ್ಲಿ ಮರಾಠಿಯಾಗುತ್ತಿರುವುದು ಕಂಡುಬಂದಿದೆ. ಒಂದೇ ಮಾತಿಗೆ ಜನರು ಎರಡೂ ಭಾಷೆಯಲ್ಲಿ ಎರಡು ಸಲ ನಗುತ್ತಿದ್ದಾರೆ. ಇನ್ನು ಮುಂದೆ ಯಾವ ಭಾಷೆಯಲ್ಲಿ ಮೊದಲು ಅರ್ಥವಾಯಿತೋ ಆ ಭಾಷೆಯಲ್ಲಿ ಮಾತ್ರ ನಗತಕ್ಕದ್ದು. ಎರಡರಲ್ಲೂ ಒಟ್ಟಿಗೆ ಅರ್ಥವಾದವರು ಹೊರಗೆ ಹೋಗಿ ನಕ್ಕು ಬರತಕ್ಕದ್ದು.

3. ಕಾಲ್ಪನಿಕ ವಸ್ತುಗಳನ್ನು ದೃಶ್ಯ ಮುಗಿದ ಮೇಲೆ ಕಡ್ಡಾಯವಾಗಿ ಮನೆಗೆ ಒಯ್ಯತಕ್ಕದ್ದು. ಕಾಗವಾಡದ ತಂಡವು ಈ ಕಚೇರಿಯ ಗೇಟಿನ ಮುಂದೆ ಒಂದು ಕಾಲ್ಪನಿಕ ಎಮ್ಮೆಯನ್ನು ಕಟ್ಟಿ ಹಾಗೆಯೇ ಬಿಟ್ಟು ಹೋಗಿದೆ. ಅಂದಿನಿಂದ ಸಿಬ್ಬಂದಿ ವರ್ಗದವರು ಎಮ್ಮೆಯನ್ನು ಸುತ್ತುಹಾಕಿ ಗೋಡೆಗೆ ಒತ್ತಿಕೊಂಡು ಒಳಗೆ ಬರುತ್ತಿದ್ದಾರೆ. ತಡವಾಗಿ ಬಂದವರನ್ನು ಕೇಳಿದರೆ, "ಎಮ್ಮಿ ಹಾಯಾಕ ಬಂತ್ರಿ ಸಾಹೇಬ್ರ" ಎಂದು ಉತ್ತರಿಸುತ್ತಿದ್ದಾರೆ. ಮೇಲಧಿಕಾರಿಗಳು ತಪಾಸಣೆಗೆ ಬಂದಾಗ ನೇರವಾಗಿ ನಡೆದು ಬಂದರು. ಆಗ ಇಡೀ ಕಚೇರಿ ಒಟ್ಟಾಗಿ "ಅಯ್ಯಯ್ಯೋ" ಎಂದಿತು. ಅವರು ಹೆದರಿ ಹಿಂದಕ್ಕೆ ಜಿಗಿದರು. ಎಮ್ಮೆಯ ಮಾಲೀಕರು ತಕ್ಷಣ ಬಂದು ಬಿಚ್ಚಿಕೊಂಡು ಹೋಗತಕ್ಕದ್ದು. ಅಷ್ಟರಲ್ಲಿ ಕರು ಹಾಕಿದಲ್ಲಿ ಅದಕ್ಕೆ ಇಲಾಖೆ ಜವಾಬ್ದಾರಿಯಲ್ಲ.

4. ಸಕ್ಕರೆ ಕಾರ್ಖಾನೆಗಳ ಮುಂದೆ ಸಾಲಿನಲ್ಲಿ ನಿಂತ ಟ್ರ್ಯಾಕ್ಟರ್ ಚಾಲಕರು ಟ್ರೇಲರ್ ಮೇಲೆ ಹತ್ತಿ ದೃಶ್ಯ ಆಡುತ್ತಿರುವುದು ವರದಿಯಾಗಿದೆ. ಮುಂದಿನ ಗಾಡಿ ಸರಿದರೂ ಇವರು ಸರಿಯುವುದಿಲ್ಲ. ಹಿಂದಿನವರು ಹಾರ್ನ್ ಹೊಡೆಯುವ ಬದಲು "ಅತ್ತಿ ಏನಂದಳೋ ಮುಂದ?" ಎಂದು ಕೇಳುತ್ತಿದ್ದಾರೆ. ಕಬ್ಬು ಒಣಗುತ್ತಿದೆ. ಇನ್ನು ಮುಂದೆ ಗಾಡಿ ಚಲಿಸುವಾಗ ಅತ್ತೆ ಪಾತ್ರವು ಟ್ರೇಲರ್ ಬಿಟ್ಟು ಇಂಜಿನ್ ಕಡೆಗೆ ಬಂದು ಕೂರತಕ್ಕದ್ದು.

5. ಕಚೇರಿ ಕೌಂಟರಿನಲ್ಲಿ ಸದರಿ ಹಾಸ್ಯದ ಮೊದಲನೆಯ ನಿಯಮವನ್ನು ಪಾಲಿಸುವುದನ್ನು ಸಂಪೂರ್ಣವಾಗಿ ನಿಷೇಧಿಸಲಾಗಿದೆ. "ಇಲ್ಲ" ಎಂಬ ಒಂದು ಮಾತಿನ ಮೇಲೆ ಇಷ್ಟು ವರ್ಷ ಸುಸೂತ್ರವಾಗಿ ನಡೆದು ಬಂದ ಕಚೇರಿ ಇದು. ಹೀಗಿರುವಾಗ ಮುಗಳಖೋಡದ ರೈತರೊಬ್ಬರು ಹೊಲದ ಉತಾರ (ಪಹಣಿ) ಕೇಳಲು ಬಂದಾಗ, ಶ್ರೀ ಕುನಾಲ ಅವರು, "ಹೌದ್ರಿ, ಮತ್ತ ನಿಮ್ಮ ಹೊಲದಾಗ ಒಂಟಿ ಹೊಕ್ಕಾವಂತಲ್ರಿ?" ಎಂದಿರುತ್ತಾರೆ. ರೈತರು ಸಿಟ್ಟಾಗುವುದನ್ನು ಬಿಟ್ಟು, "ಹೌದ್ರಿ, ಎರಡ ಹೊಕ್ಕಾವ. ಒಂದಕ್ಕ ಲಗ್ನ ಗೊತ್ತಾಗೇತಿ, ಅದರ ಸಲುವಾಗೇ ಉತಾರ ಬೇಕಾಗಿತ್ರಿ" ಎಂದಿರುತ್ತಾರೆ. ಊಟದ ಹೊತ್ತಿನವರೆಗೆ ಒಂಟೆಗೆ ಹೆಣ್ಣು ನೋಡಲಾಯಿತು. ಉತಾರ ಯಾರಿಗೂ ನೆನಪಾಗಲಿಲ್ಲ. ರೈತರು ಕಣ್ಣೊರೆಸಿಕೊಂಡು ನಗುತ್ತ ಹೋಗಿ, ಮರುದಿನ ಹೆಂಡತಿಯನ್ನೂ ಕರೆದುಕೊಂಡು ಬಂದರು. ಕೌಂಟರಿನ ಮುಂದೆ ಸಾಲು ಬೆಳೆಯುತ್ತಿದೆ, ಒಬ್ಬರೂ ಬೈಯುತ್ತಿಲ್ಲ. ಇಂಥ ಪರಿಸ್ಥಿತಿಯನ್ನು ನಿಭಾಯಿಸಲು ಸಿಬ್ಬಂದಿಗೆ ತರಬೇತಿ ಇಲ್ಲ.

6. ಈ ಹಿನ್ನೆಲೆಯಲ್ಲಿ, ಹಾಸ್ಯವನ್ನು ಕಣ್ಣಾರೆ ಕಂಡು ಬಂದ್ ಮಾಡಿಸುವ ಉದ್ದೇಶದಿಂದ ಸಹಿ ಮಾಡಿರುವ ಅಧಿಕಾರಿಯು ಕಬ್ಬೂರಿಗೆ ಖುದ್ದಾಗಿ ಭೇಟಿ ನೀಡಿದರು. ಅಲ್ಲಿ ನಡೆದದ್ದನ್ನು ಇಲ್ಲಿ ವಿವರವಾಗಿ ಕೊಡುವುದು ಅನಿವಾರ್ಯವಾಗಿದೆ. ಏಕೆಂದರೆ ಐದೂ ತಾಲ್ಲೂಕುಗಳಲ್ಲಿ ಜನರು ತಮಗೆ ತೋಚಿದಂತೆ ಸೇರಿಸಿ ಹೇಳುತ್ತಿದ್ದಾರೆ. ರಾಯಬಾಗದ ಆವೃತ್ತಿಯಲ್ಲಿ ಅಧಿಕಾರಿಯು ಕುದುರೆಯ ಮೇಲೆ ಬಂದಿದ್ದರು.

ಅಧಿಕಾರಿಯು ಬಾಗಿಲಲ್ಲಿ ನಿಂತು ನಿಷೇಧ ಘೋಷಿಸುವಷ್ಟರಲ್ಲಿ, ಪಕ್ಕದ ಬಾಲಕಿಯರ ವಸತಿ ನಿಲಯದ ವಾರ್ಡನ್ ಕುಮಾರಿ ಸುಂದರಾ ಅವರು ಇನ್ನೊಂದು ಬಾಗಿಲಿನಿಂದ ಒಳಗೆ ಬಂದು, "ನಮ್ಮ ಹುಡಿಗ್ಯಾರು ಓದಾಕತ್ತಾರ. ಮೈಕ ಬಂದ್ ಮಾಡ್ತೀರೋ, ನಾ ಬಂದು ವಾಯರ್ ಕೀಳ್ಲ್ಯೋ?" ಎಂದರು. ಇಬ್ಬರೂ ಬಂದ ಉದ್ದೇಶ ಒಂದೇ ಆಗಿತ್ತು. ಆದರೆ ಶ್ರೀ ಕುನಾಲ ಅವರು "ಬರ್ರಿ ಬರ್ರಿ" ಎಂದು ಇಬ್ಬರನ್ನೂ ಕೈ ಹಿಡಿದು ರಂಗದ ಮೇಲೆ ಹತ್ತಿಸಿ, ಇವರಿಗೊಂದು ವಿಷಯ ಕೊಡಿರೆಂದು ಜನರನ್ನು ಕೇಳಿದರು. ಮುಂದಿನ ಸಾಲಿನಲ್ಲಿ ಸಂತೆ ಚೀಲ ಇಟ್ಟುಕೊಂಡು ಕೂತಿದ್ದ ಕರೋಶಿಯ ಹಿರಿಯರಾದ ಶ್ರೀಮತಿ ಕಾಳವ್ವ, "ಸಾಖರಪುಡಾ ಹಚ್ರಿ!" ಎಂದು ಕೂಗಿದರು. ಸಾಖರಪುಡಾ ಎಂದರೆ ಹುಡುಗ ಹುಡುಗಿಗೆ ಸಕ್ಕರೆ ತಿನ್ನಿಸಿ ಮದುವೆ ಗೊತ್ತು ಮಾಡುವ ಈ ಭಾಗದ ಶಾಸ್ತ್ರ ಎಂದು ಹೊರಗಿನವರ ತಿಳುವಳಿಕೆಗಾಗಿ ತಿಳಿಸಲಾಗಿದೆ.

7. ದೃಶ್ಯದ ನಡಾವಳಿ ಈ ಕೆಳಗಿನಂತಿದೆ. ಕುಮಾರಿ ಸುಂದರಾ ಅವರು ಅಧಿಕಾರಿಯನ್ನು ಮೇಲಿಂದ ಕೆಳಗೆ ನೋಡಿ, "ಹುಡುಗ ಏನ ಕೆಲಸ ಮಾಡ್ತಾನ್ರಿ?" ಎಂದರು.

ಅಧಿಕಾರಿ: "ಕಡತ ವಿಲೇವಾರಿ ಮಾಡ್ತಾನ್ರಿ."

"ತನ್ನ ಕಡತ ಯಾವಾಗ ವಿಲೇವಾರಿ ಮಾಡಾಂವಂತ?"

"ಪರಿಶೀಲನೆಯಲ್ಲೈತ್ರಿ."

ಇಲ್ಲಿ ಸಭೆಯು ನಕ್ಕಿತು. ಅಧಿಕಾರಿಯ ಸೇವಾವಧಿಯಲ್ಲಿ ಅವರ ಮಾತಿಗೆ ಜನ ನಕ್ಕಿದ್ದು ಇದೇ ಮೊದಲು. ಅದು ಹಿತವಾಗಿತ್ತು ಎಂಬುದನ್ನು ಮುಚ್ಚಿಡುವುದು ಸೇವಾ ನಿಯಮಗಳಿಗೆ ವಿರುದ್ಧವಾಗುತ್ತದೆ.

"ಅಡಗಿ ಬರ್ತೈತೇನ ಹುಡುಗಗ?"

"ಚಹಾ ಬರ್ತೈತ್ರಿ."

"ಸಕ್ಕರಿ ಎಷ್ಟ ಹಾಕ್ತಾನ?"

"ನೀವು ಹೇಳಿದಷ್ಟ್ರಿ."

ಈ ಕೊನೆಯ ಉತ್ತರವನ್ನು ಅಧಿಕಾರಿಯು ಮೊದಲೇ ಯೋಚಿಸಿರಲಿಲ್ಲ. ಅದು ಎಲ್ಲಿಂದ ಬಂತು ಎಂಬುದು ಇಂದಿಗೂ ಪತ್ತೆಯಾಗಿಲ್ಲ. ಕುಮಾರಿ ಸುಂದರಾ ಅವರು ಪಾತ್ರ ಮರೆತು, ಸೆರಗು ಬಾಯಿಗಿಟ್ಟುಕೊಂಡು, ಭುಜ ಕುಣಿಯುವಂತೆ ನಕ್ಕರು. ಅಷ್ಟರಲ್ಲಿ ಶ್ರೀಮತಿ ಕಾಳವ್ವ ಮೆಟ್ಟಿಲು ಹತ್ತಿ ಬಂದು, ಸಂತೆ ಚೀಲದಿಂದ ಸಕ್ಕರೆ ಪುಡಿಕೆ ಬಿಚ್ಚಿ, "ಆ ಮಾಡ್ರಿ" ಎಂದು ಇಬ್ಬರ ಬಾಯಿಗೂ ಹಾಕಿದರು. ಸಕ್ಕರೆ ಕಾಲ್ಪನಿಕವಾಗಿರಲಿಲ್ಲ. ಅಧಿಕಾರಿಯು ತಿಂದರು. ಕುಮಾರಿ ಸುಂದರಾ ಅವರೂ ಉಗುಳಿರುವುದಿಲ್ಲ.

8. ಈ ಭಾಗದಲ್ಲಿ ಸಾಖರಪುಡಾದ ಸಕ್ಕರೆ ಬಿಚ್ಚಿದರೆ ಅದನ್ನು ನೆರೆದವರೆಲ್ಲರಿಗೂ ಹಂಚುವುದು ರೂಢಿ. ಅದರಂತೆ ಸಭೆಯವರೆಲ್ಲ ಕೈ ಒಡ್ಡಿದರು. ಇಲ್ಲಿಯೇ ತಪ್ಪು ಜರುಗಿದ್ದು. ಚಪ್ಪಾಳೆ ಹೊಡೆದು ದೃಶ್ಯ ಮುಗಿಸಬೇಕಾಗಿದ್ದ ಟ್ರ್ಯಾಕ್ಟರ್ ಚಾಲಕ ಶ್ರೀ ಮುರಗೆಪ್ಪ ಅವರೂ ಕೈ ಒಡ್ಡಿದರು. ಅವರ ಹೇಳಿಕೆಯನ್ನು ಇದ್ದಂತೆಯೇ ಕೊಡಲಾಗಿದೆ:

"ಒಂದ ಕೈಯಾಗ ಸಕ್ಕರಿ ಇದ್ರ ಏನಾತ್ರಿ, ತೊಡಿ ಮ್ಯಾಲರೆ ಹೊಡಿತಿದ್ದೆ. ಎಡಗೈ ಎತ್ತೇನಿ, ಅಷ್ಟರಾಗ ವಾರ್ಡನ್ ಬಾಯಾರು ಮ್ಯಾಲಿಂದ ಬಗ್ಗಿ, 'ತಗೋರಿ ಅಣ್ಣಾ, ಮನ್ಯಾಗಿನವ್ರಿಗೂ ಒಯ್ರಿ' ಅಂತ ಆ ಕೈಗೂ ಒಂದ ಮುಷ್ಟಿ ಹಾಕಿದ್ರ. ಸಾಖರಪುಡಾದ ಸಕ್ಕರಿ ನೆಲಕ್ಕ ಚೆಲ್ಲಿ ಚಪ್ಪಾಳಿ ಹೊಡಿಯೋ ಮಂದಿ ಅಲ್ರಿ ನಾವು."

ಸದರಿ ಹೇಳಿಕೆಯ ಎರಡನೆಯ ವಾಕ್ಯವನ್ನು ಕಚೇರಿಯು ಹಲವಾರು ಬಾರಿ ಓದಿರುತ್ತದೆ. ಕುಮಾರಿ ಸುಂದರಾ ಅವರು ಇದನ್ನು ಬೇಕೆಂದೇ ಮಾಡಿದರೋ, ಔದಾರ್ಯದಿಂದ ಮಾಡಿದರೋ ಎಂಬುದು ಕಡತದಿಂದ ಸ್ಪಷ್ಟವಾಗುವುದಿಲ್ಲ. ಅಧಿಕಾರಿಗೆ ಆಗಾಗ ನಿದ್ದೆ ಬರುತ್ತಿಲ್ಲ.

9. ಆ ಬಳಿಕ ಜನರು ಸಕ್ಕರೆ ಹಿಡಿದುಕೊಂಡು ಮನೆಗೆ ಹೋದರು. ಹೀಗಾಗಿ ದೃಶ್ಯವು ನಿಯಮಾನುಸಾರ ಇನ್ನೂ ಚಾಲ್ತಿಯಲ್ಲಿದೆ. ನಿಪ್ಪಾಣಿಯ ಅಕ್ಕನವರು ಸೀರೆ ತಂದಿಟ್ಟಿದ್ದಾರೆ. ಇದು ಬರೀ ಆಟವೆಂದು ತಿಳಿಸಲಾಗಿ, "ಆಟಾನೋ ಖರೇನೋ, ಸಕ್ಕರಿ ತಿಂದಿ ಇಲ್ಲೋ ಜ್ಞಾನೂ? ತಿಂದ ಮ್ಯಾಲ ಮುಗೀತು" ಎಂದಿರುತ್ತಾರೆ. ಮನೆಯವರೆಲ್ಲರ ಮದುವೆ ಮಾಡಿ ಮುಗಿಸುವಷ್ಟರಲ್ಲಿ ಅಧಿಕಾರಿಯ ಸ್ವಂತ ವಿಷಯವು ಬಾಕಿ ಉಳಿದಿತ್ತು, ಅದನ್ನು ಎತ್ತುವ ಧೈರ್ಯ ಅವರಿಗೆ ಆಗಿರಲಿಲ್ಲ. ಈಗಲೂ ಆಗುತ್ತಿಲ್ಲ.

10. ಧೈರ್ಯ ಆಗುತ್ತಿಲ್ಲ ಎಂಬುದಕ್ಕೆ ಪುರಾವೆ: ಪ್ರದರ್ಶನದ ಮುಂದಿನ ವಾರ ಅಧಿಕಾರಿಯು ಇಸ್ತ್ರಿ ಮಾಡಿದ ಅಂಗಿ ಧರಿಸಿ ವಸತಿ ನಿಲಯಕ್ಕೆ ಭೇಟಿ ನೀಡಿದರು. ಕುಮಾರಿ ಸುಂದರಾ ಅವರು ಗೇಟಿನಲ್ಲಿ, "ಏನ್ರಿ ಸಾಹೇಬ್ರ, ಹಿಂಗ ಬಂದ್ರಿ?" ಎಂದು ಚೆಂದಾಗಿ ಕೇಳಿದರು. ಅಧಿಕಾರಿಯು, "ಮೈಕಿನ ಸಪ್ಪಳ ಪರಿಶೀಲನೆ ಮಾಡಾಕ ಬಂದೇನ್ರಿ" ಎಂದರು. "ಇವತ್ತ ಸಪ್ಪಳ ಇಲ್ಲಲ್ರಿ" ಎಂದು ಅವರು ಹೇಳಿ, ಇನ್ನೇನಾದರೂ ಮಾತು ಬರುವುದೇನೋ ಎಂಬಂತೆ ಬಹಳ ಹೊತ್ತು ಕಾದರು. ಅಧಿಕಾರಿಯು ಸಪ್ಪಳ ಇಲ್ಲದಿರುವುದನ್ನು ಬರೆದುಕೊಂಡು ಬಸ್ ಹತ್ತಿದರು. ದಾರಿಯುದ್ದಕ್ಕೂ ಅವರಿಗೆ ತಮ್ಮ ಮೇಲೆಯೇ ಕೆಟ್ಟ ಸಿಟ್ಟು ಬಂದಿತ್ತು. ಇದನ್ನು ಹೇಳಲು ಆಡಳಿತ ಭಾಷೆಯಲ್ಲಿ ಬೇರೆ ಪದ ಸಿಗದ ಕಾರಣ ಹೀಗೆಯೇ ಬರೆಯಲಾಗಿದೆ.

11. ಈಗ ತುರ್ತು ಏನೆಂದರೆ, ಶ್ರೀ ಕುನಾಲ ಅವರ ತಂಡವು ಬರುವ ಪ್ರದರ್ಶನದಲ್ಲಿ ಶ್ರೀ ಮುರಗೆಪ್ಪ ಅವರಿಂದ ಬಾಕಿ ಚಪ್ಪಾಳೆಯನ್ನು ಹೊಡೆಸಿ, ಕಬ್ಬೂರಿನ ದೃಶ್ಯವನ್ನು ಶಾಸ್ತ್ರೋಕ್ತವಾಗಿ ಮುಗಿಸಲು ನಿರ್ಧರಿಸಿದೆ. ಅವರ ಪ್ರಕಾರ ಇದು ಸಾಹೇಬರಿಗೆ ಮಾಡುವ ಉಪಕಾರ. ಚಪ್ಪಾಳೆ ಬಿದ್ದರೆ ಎಲ್ಲವೂ ಆಟವೆಂದಾಗುತ್ತದೆ. ಸೀರೆ ವಾಪಸು ಹೋಗುತ್ತದೆ. ಅಧಿಕಾರಿಯು ಮೊದಲಿನಂತೆ ಒಬ್ಬರೇ ಚಹಾ ಮಾಡಿಕೊಂಡು ಇರಬೇಕಾಗುತ್ತದೆ. ಆದ್ದರಿಂದ ಶ್ರೀ ಮುರಗೆಪ್ಪ ಅವರು ಮುಂದಿನ ಆದೇಶದವರೆಗೆ ಎಲ್ಲಿಯೂ, ಯಾವ ಕಾರಣಕ್ಕೂ ಚಪ್ಪಾಳೆ ಹೊಡೆಯತಕ್ಕದ್ದಲ್ಲ ಎಂದು ಈ ಮೂಲಕ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ.

ಅ) ಸೊಳ್ಳೆಯನ್ನು ಒಂದೇ ಕೈಯಿಂದ ಗೋಡೆಗೆ ಒತ್ತತಕ್ಕದ್ದು. ಗೋಡೆ ಇಲ್ಲದಲ್ಲಿ ಸೊಳ್ಳೆಗೆ ವಿನಾಯಿತಿ ನೀಡಲಾಗಿದೆ.

ಆ) ಭಜನೆಯಲ್ಲಿ ತಾಳ ಹಾಕುವಂತಿಲ್ಲ, ತಲೆ ಆಡಿಸಬಹುದು.

ಇ) ತಂಬಾಕು ತಿಕ್ಕಿದ ಮೇಲೆ ಅಂಗೈ ತಟ್ಟುವ ಅಭ್ಯಾಸವಿರುವುದು ಗಮನಕ್ಕೆ ಬಂದಿದೆ. ತಟ್ಟುವುದನ್ನು ಪಕ್ಕದವರಿಂದ ಮಾಡಿಸಿಕೊಳ್ಳತಕ್ಕದ್ದು. ತಂಬಾಕು ಬಿಟ್ಟರೆ ಇನ್ನೂ ಒಳ್ಳೆಯದು.

ಈ) ಮೊಮ್ಮಗ ಮೊದಲ ಹೆಜ್ಜೆ ಇಟ್ಟಲ್ಲಿ "ಶಾಬಾಸ್" ಎಂದು ಬಾಯಿಂದ ಹೇಳತಕ್ಕದ್ದು.

12. ಮುಂದಿನ ಎಲ್ಲ ಪ್ರದರ್ಶನಗಳಲ್ಲಿ ಸಕ್ಕರೆ, ಅರಿಸಿಣ, ಅಕ್ಕಿಕಾಳು ಹಾಗೂ ಬಾಸಿಂಗಗಳು ಕಾಲ್ಪನಿಕವಾಗಿರತಕ್ಕದ್ದು. ಸಂತೆ ಚೀಲಗಳನ್ನು ಬಾಗಿಲಲ್ಲಿ ಇಡತಕ್ಕದ್ದು. ಶ್ರೀಮತಿ ಕಾಳವ್ವ ಅವರನ್ನು ಚೀಲದ ಜೊತೆಗೇ ಬಾಗಿಲಲ್ಲಿ ಕೂರಿಸತಕ್ಕದ್ದು, ಗೌರವದಿಂದ, ಖುರ್ಚಿ ಹಾಕಿ. ಅವರಿಗೆ ಇಲಾಖೆಯು ಋಣಿಯಾಗಿದೆಯೇ ಇಲ್ಲವೇ ಎಂಬುದು ಮುಂದಿನ ಕಂಡಿಕೆಯನ್ನು ಅವಲಂಬಿಸಿದೆ.

13. ಶ್ರೀ ಮುರಗೆಪ್ಪ ಅವರ ಚಪ್ಪಾಳೆಯ ನಿಷೇಧವೊಂದನ್ನು ಬಿಟ್ಟು, ಕಬ್ಬೂರಿನ ದೃಶ್ಯಕ್ಕೆ ಮೇಲಿನ ಯಾವ ನಿಷೇಧವೂ ಅನ್ವಯಿಸುವುದಿಲ್ಲ. ಸದರಿ ದೃಶ್ಯವನ್ನು ಮುಗಿಸುವ ಅಥವಾ ಮುಂದುವರಿಸುವ ಪೂರ್ಣ ಅಧಿಕಾರವನ್ನು ಕುಮಾರಿ ಸುಂದರಾ ಅವರಿಗೆ ವಹಿಸಲಾಗಿದೆ. ಅವರು ಬೇರೆ ಇಲಾಖೆಯವರಾದ್ದರಿಂದ ಅವರ ಮೇಲೆ ಈ ಕಚೇರಿಯ ಆದೇಶ ನಡೆಯುವುದಿಲ್ಲ. ನಡೆಯಬೇಕೆಂಬ ಆಸೆಯೂ ಇಲ್ಲ. ಅವರು ಚಪ್ಪಾಳೆ ಹೊಡೆದಲ್ಲಿ ಅಧಿಕಾರಿಯು ತಲೆಬಾಗಿ ಒಪ್ಪತಕ್ಕದ್ದು ಮತ್ತು ಅತ್ತ ಸುಳಿಯತಕ್ಕದ್ದಲ್ಲ. ಹೊಡೆಯದಿದ್ದಲ್ಲಿ ಅಧಿಕಾರಿಗೆ ಬಹಳ ಸಂತೋಷವಾಗುತ್ತದೆ. ಬಹಳ ಎಂದರೆ, ಎಷ್ಟು ಎಂಬುದನ್ನು ಸುತ್ತೋಲೆಯಲ್ಲಿ ನಮೂದಿಸಲು ಅವಕಾಶವಿರುವುದಿಲ್ಲ.

ಮೇಲಿನ ಸೂಚನೆಗಳನ್ನು ಪಾಲಿಸದವರ ಮೇಲೆ ಕ್ರಮ ಜರುಗಿಸಲಾಗುವುದು. ಓದುವಾಗ ನಕ್ಕವರ ಹೆಸರನ್ನು ಪ್ರತ್ಯೇಕವಾಗಿ ಕಳಿಸತಕ್ಕದ್ದು.

ಸಹಿ/-
(ಜ್ಞಾನದೇವ)
ಸಂಬಂಧಪಟ್ಟ ಅಧಿಕಾರಿ
(ಸಂಬಂಧ ಪರಿಶೀಲನೆಯಲ್ಲಿದೆ)
ಚಿಕ್ಕೋಡಿ

ಪ್ರತಿಗಳು:

1. ಐದೂ ತಾಲ್ಲೂಕುಗಳ ಹಾಸ್ಯ ತಂಡಗಳಿಗೆ, ಮಾಹಿತಿಗಾಗಿ. ಇದನ್ನೇ ದೃಶ್ಯವಾಗಿ ಆಡತಕ್ಕದ್ದಲ್ಲ.

2. ಶ್ರೀ ಮುರಗೆಪ್ಪ, ಟ್ರ್ಯಾಕ್ಟರ್ ಚಾಲಕರು. ಪ್ರತಿಯನ್ನು ಎರಡೂ ಕೈಗಳಿಂದ ಹಿಡಿದುಕೊಂಡೇ ಇರತಕ್ಕದ್ದು.

3. ಶ್ರೀಮತಿ ಕಾಳವ್ವ, ಕರೋಶಿ. ಓದಿ ಹೇಳುವವರು ಏಳನೆಯ ಕಂಡಿಕೆಯನ್ನು ನಿಧಾನವಾಗಿ ಓದಿ ಹೇಳುವುದು.

4. ಎಮ್ಮೆ ಕಟ್ಟಿದ ಗೇಟಿಗೆ ಅಂಟಿಸಲು. ಅಂಟಿಸುವವರು ಎಮ್ಮೆಯ ಹಿಂದಿನಿಂದ ಹೋಗತಕ್ಕದ್ದಲ್ಲ.

5. ಅಕ್ಕನವರು, ನಿಪ್ಪಾಣಿ. ದಯವಿಟ್ಟು ಇನ್ನು ಸ್ವಲ್ಪ ದಿನ ಫೋನ್ ಮಾಡಬಾರದಾಗಿ ವಿನಂತಿ.

6. ಕುಮಾರಿ ಸುಂದರಾ, ವಾರ್ಡನ್, ಬಾಲಕಿಯರ ವಸತಿ ನಿಲಯ, ಕಬ್ಬೂರ. ಹದಿಮೂರನೆಯ ಕಂಡಿಕೆಯ ಕುರಿತು ಅಭಿಪ್ರಾಯ ಕೋರಿ, ಉಳಿದ ಪ್ರತಿಗಳ ರವಾನೆಗೆ ಮುಂಚಿತವಾಗಿ.

ಟಿಪ್ಪಣಿ: ಆರನೆಯ ಪ್ರತಿಯು ಕುಮಾರಿ ಸುಂದರಾ ಅವರ ಷರಾದೊಂದಿಗೆ ಇಂದು ಮುಂಜಾನೆ ಕಚೇರಿಗೆ ಮರಳಿ ಬಂದಿರುತ್ತದೆ. ಷರಾ ಹೀಗಿದೆ: "ಎಲ್ಲಾ ಓದೇನ್ರಿ. ಹುಡಿಗ್ಯಾರಿಗೂ ಓದಿ ಹೇಳೇನಿ. ಆವತ್ತ ಗೇಟಿನಾಗ ಅಷ್ಟೊತ್ತ ನಿಂತಿದ್ದೆ, ಒಂದ ಮಾತ ಆಡ್ಲಿಲ್ಲ ನೀವು. ಸಿಟ್ಟ ಬಂದೈತಿ ನನಗ. ಐತವಾರ ಬರ್ರಿ. ಈ ಸಲ ಏನೂ ಬರಕೊಂಡ ಬರಬ್ಯಾಡ್ರಿ, ತಯಾರಿ ಮಾಡ್ಕೊಂಡ ಬಂದ್ರ ಗೇಟ ತಗ್ಯಾಂಗಿಲ್ಲ."

ಷರಾದಂತೆ ರವಿವಾರ ಕ್ರಮ ಕೈಗೊಳ್ಳಲಾಗುವುದು. ಏನು ಕ್ರಮ ಎಂಬುದು ಕಚೇರಿಗೆ ಗೊತ್ತಿರುವುದಿಲ್ಲ.